ಕೈ ಹಿಂದೆ ಕಟ್ಟಿಕೊಂಡು

ಲೀಡ್ಸ್, ಇಂಗ್ಲೆಂಡ್, ಭಾನುವಾರ ರಾತ್ರಿ

ಅಪ್ಪಾಜಿ, ಅವ್ವ,

ಇಬ್ಬರಿಗೂ ಮಗಳ ಶರಣು. ನಾನು ಆರಾಮಾಗಿದ್ದೇನೆ. ಅವ್ವ ಕಳಿಸಿದ ಶೇಂಗಾ ಹಿಂಡಿ ಮೊನ್ನೆ ಬಂತು, ಅರ್ಧ ಆಗಲೇ ಖಾಲಿ. ಬೀದರಿನಲ್ಲಿ ಬಿಸಿಲು ಜಾಸ್ತಿ ಅಂತ ತಮ್ಮ ಹೇಳಿದ. ಅಪ್ಪಾಜಿ, ಮಧ್ಯಾಹ್ನ ಭಟ್ಟಿ ಮುಂದೆ ಕೂಡಬೇಡಿ.

ಫೋನಿನಲ್ಲಿ ಹೇಳಿ ಮುಗಿಸುವಂಥದಲ್ಲದ ಒಂದು ಮಾತಿದೆ, ಅದಕ್ಕೇ ಪತ್ರ. ಈ ವರ್ಷದಿಂದ ವಾರ್ಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೆಲಸ ಕಲಿಸುವ ಜವಾಬ್ದಾರಿ ನನಗೆ ಬಂದಿದೆ. ಮೊದಲು ಇಲ್ಲಿ ಇದಕ್ಕೆ ಮೆಂಟರ್ ಅಂತಿದ್ದರು. 2018ರಲ್ಲಿ ನರ್ಸಿಂಗ್ ಕೌನ್ಸಿಲ್ ಹೊಸ ನಿಯಮ ತಂದಿತು. ಜೊತೆಗಿದ್ದು ಕಲಿಸುವವರು ಸೂಪರ್‌ವೈಸರ್, ಪಾಸೋ ಅಲ್ಲವೋ ಅಂತ ನೋಡುವವರು ಅಸೆಸರ್. ನಾನು ಕಲಿಸುವವಳು.

ಮೊದಲ ತಿಂಗಳೇ ತಪ್ಪು ಮಾಡಿದೆ. ಎರಡನೇ ವರ್ಷದ ಹುಡುಗಿಯೊಬ್ಬಳು ಒಬ್ಬ ಅಜ್ಜನ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದಳು. ಪ್ಯಾಕ್ ಬಿಚ್ಚಿ ಗ್ಲೌಸ್ ಹಾಕಿಕೊಳ್ಳುವ ತನಕ ಎಲ್ಲ ಸರಿ ಇತ್ತು. ಗಾಜ್ ಬಟ್ಟೆ ಎತ್ತುವಾಗ ಬೆರಳು ಹಾಸಿಗೆಯ ಹೊದಿಕೆಗೆ ತಾಗಿತು, ಆ ಗ್ಲೌಸಿನಿಂದ ಇನ್ನು ಗಾಯ ಮುಟ್ಟುವಂತಿರಲಿಲ್ಲ. ಅವಳಿಗೆ ಗೊತ್ತಾಗಲಿಲ್ಲ. "ಬಿಡು, ನಾನು ಮಾಡ್ತೀನಿ" ಅಂದವಳೇ ಅವಳನ್ನು ಪಕ್ಕಕ್ಕೆ ಸರಿಸಿ, ಹೊಸ ಪ್ಯಾಕ್ ತೆಗೆದು ಬೇಗ ಮುಗಿಸಿಬಿಟ್ಟೆ. ಶಿಫ್ಟ್ ಮುಗಿಯುವ ತನಕ ಆ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇಲ್ಲಿ ಮೂರು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ಮುಂದುವರಿಯಬೇಕಾದರೆ ನಮ್ಮ ಕೆಲಸವನ್ನು ನಾವೇ ತಿರುಗಿ ನೋಡಿ ಐದು ಬರಹ ಬರೆದಿರಬೇಕು. ಗಿಬ್ಸ್ ಎಂಬುವರು 1988ರಲ್ಲಿ ಹೇಳಿಕೊಟ್ಟ ಆರು ಹೆಜ್ಜೆಗಳನ್ನು ಬಹಳ ಜನ ಬಳಸುತ್ತಾರೆ. ಏನಾಯಿತು ಎಂಬುದು ಮೊದಲನೆಯದು. ಏನನಿಸಿತು ಎಂಬುದು ಎರಡನೆಯದು. ಆ ರಾತ್ರಿ ನನ್ನ ಪೆನ್ನು ಅಲ್ಲೇ ನಿಂತಿತು. "ಗಾಯದ ಚಿಂತೆ ಆಯಿತು" ಅಂತ ಬರೆದು ಹೊಡೆದುಹಾಕಿದೆ. ಪಕ್ಕದ ಬೆಡ್ ಹತ್ತಿರ ಹಿರಿಯ ಸಿಸ್ಟರ್ ನಿಂತು ನೋಡುತ್ತಿದ್ದರು. ನನ್ನ ಹೆಸರು ಕೆಡುತ್ತದೆ ಅಂತ ಹೆದರಿಕೆ ಆಗಿತ್ತು, ಅದೇ ನಿಜ.

ಅಪ್ಪಾಜಿ, ಆಗ ನಮ್ಮ ಪಡಸಾಲೆ ಕಣ್ಣ ಮುಂದೆ ಬಂತು. ಮೈಲುತುತ್ತ ಬಳಿದ ಬಿದರಿ ಹೂಜಿಯ ಮೇಲೆ ಕೆಲಸ ಕಲಿಯುವ ಹುಡುಗ ಬಳ್ಳಿ ಕೊರೆಯುತ್ತಿದ್ದ. ಉಳಿ ಜಾರಿ ಗೆರೆ ಹೊರಗೆ ಹೋಯಿತು. ನೀವು "ತಡಿ ತಮ್ಮಾ" ಅಂದಿರಿ, ಉಳಿ ಮಾತ್ರ ಅವನ ಕೈಯಲ್ಲೇ ಬಿಟ್ಟಿರಿ. "ಯಾಕ ಜಾರಿತು ಹೇಳು?" ಅಂತ ಕೇಳಿ ಸುಮ್ಮನೆ ಕೂತಿರಿ. ಅವನು ಎಷ್ಟೋ ಹೊತ್ತು ನೋಡಿ, ಹೂಜಿ ಗಟ್ಟಿಯಾಗಿ ಕೂತಿರಲಿಲ್ಲ ಅಂದ. ಹೂಜಿ ಕಪ್ಪಾಗಿಸಲು ಕೋಟೆಯ ಮಣ್ಣು ತಂದಾಗಲೂ ಹಾಗೇ ಅಲ್ವಾ? ನಾಲಗೆಗೆ ಹಚ್ಚಿ ಮಣ್ಣು ಸರಿಯಿದೆಯೋ ಇಲ್ಲವೋ ಅಂತ ನೀವೇ ಹೇಳಿಬಿಡಬಹುದಿತ್ತು. ಮೊದಲು ಹುಡುಗರಿಗೆ ಕೊಟ್ಟು, ಅವರು ಬಾಯಿ ಬಿಡುವ ತನಕ ಕಾಯುತ್ತಿದ್ದಿರಿ.

ಹೂಜಿಯ ಗೆರೆಯನ್ನು ತಿದ್ದಬಹುದು, ಗಾಯಕ್ಕೆ ಸೋಂಕಾದರೆ ಆ ಅಜ್ಜ ಅನುಭವಿಸಬೇಕು. ಅದಕ್ಕೇ ಇಲ್ಲಿ ತಕ್ಷಣ ತಡೆಯಲೇಬೇಕು. ಆದರೆ ನಾನು ತಡೆದು ನಿಲ್ಲಲಿಲ್ಲ, ಕೆಲಸವನ್ನೇ ಕಿತ್ತುಕೊಂಡೆ.

ಮರುದಿನ ಅವಳನ್ನು ಟೀ ರೂಮಿಗೆ ಕರೆದು ಹಾಗಂತಲೇ ಹೇಳಿದೆ, ಕ್ಷಮೆ ಕೇಳಿದೆ. ಅದೇ ವಾರ ಇನ್ನೊಂದು ಡ್ರೆಸ್ಸಿಂಗ್. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಗ್ಲೌಸ್ ಬೆಡ್ಡಿನ ಅಂಚಿಗೆ ತಾಗಿತು. "ನಿಲ್ಲು. ಈಗ ಏನಾಯಿತು?" ಅಂದೆ. ಅವಳು ತನ್ನ ಕೈ ನೋಡಿಕೊಂಡಳು, ಅಂಚು ನೋಡಿದಳು, ಗ್ಲೌಸ್ ಕಳಚಿ ಕೈ ತೊಳೆದು ತಾನೇ ಹೊಸ ಪ್ಯಾಕ್ ತಂದಳು. ನನ್ನ ಬೆರಳುಗಳು ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ಹೊತ್ತು ಬಹಳ ಹಿಡಿಯಿತು. ಮುಗಿಸಿ ಹೊರಗೆ ಬಂದು ಮೂರು ಪ್ರಶ್ನೆ ಕೇಳಿದಳು. ಒಂದಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ, ಇಬ್ಬರೂ ಸೇರಿ ಹುಡುಕಿದೆವು.

ಮುಂದಿನ ತಿಂಗಳು ಇಡೀ ಬೆಳಗಿನ ಕೆಲಸ ತಾನೇ ಮಾಡಿ ತೋರಿಸಬೇಕು ಅಂತಾಳೆ. ನನಗೆ ಇನ್ನೂ ಧೈರ್ಯ ಸಾಲದು. ಅಪ್ಪಾಜಿ, ಹುಡುಗರ ಕೈಗೆ ಮೊದಲ ಸಲ ಬೆಳ್ಳಿ ತಂತಿ ಕೊಡಬಹುದು ಅಂತ ನಿಮಗೆ ಯಾವುದರಿಂದ ಗೊತ್ತಾಗುತ್ತಿತ್ತು? ತಮ್ಮನ ಹತ್ತಿರ ಬರೆಸಿಯಾದರೂ ಕಳಿಸಿ.

ಅವ್ವ, ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿಮ್ಮ ಮಗಳು