ಕಾರವಾರದಿಂದ ಶಿರಸಿಗೆ ತಂದ ಹೂಗಿಡಗಳು: ನಿಮ್ಮ ಸೇವೆಯ ಬಗ್ಗೆ ದೂರು

ಶಿರಸಿ
28 ಜುಲೈ 2025

ವ್ಯವಸ್ಥಾಪಕರಿಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಗಿಡಗಳನ್ನು ಕಿತ್ತು ಬೇರೆ ಕಡೆ ನೆಡುವ ಸೇವೆಯಲ್ಲಿ ಆದ ಲೋಪ ಮತ್ತು ಹಣ ವಾಪಸಾತಿ

ಮಾನ್ಯರೇ,

ಏಪ್ರಿಲ್ 12ರಂದು ನಿಮ್ಮವರು ಕಾರವಾರದ ನಮ್ಮ ಹಳೇ ಮನೆಯಿಂದ 22 ಹೂಗಿಡ ಕಿತ್ತು ತಂದು, ಶಿರಸಿಯ ಹೊಸ ಮನೆಯ ಅಂಗಳದಲ್ಲಿ ನೆಟ್ಟುಕೊಟ್ಟರು. ಅದಕ್ಕೆ ನಾನು 14,500 ರೂಪಾಯಿ ಕೊಟ್ಟಿದ್ದೇನೆ. ಇವತ್ತು ಉಳಿದಿರುವುದು 15 ಗಿಡ. ಅವು ಉಳಿದದ್ದೂ ನೀವು ಕೊಟ್ಟ ಆರೈಕೆ ಕಾರ್ಡನ್ನು ಬದಿಗಿಟ್ಟ ಮೇಲೆ. ನನ್ನ ಮೊದಲ ದೂರಿಗೆ ನೀವು "ಬಿಸಿಲು ಜಾಸ್ತಿ ಇತ್ತು, ಗ್ರಾಹಕರು ಸರಿಯಾಗಿ ನೀರು ಹಾಕಿಲ್ಲ" ಎಂದು ಉತ್ತರ ಬರೆದಿರಿ. ಆ ಮಾತು ನನಗೆ ತುಂಬಾ ನೋವು ಕೊಟ್ಟಿದೆ. ಅದಕ್ಕೇ ಈ ಪತ್ರ.

ಮೊದಲು ಕೀಳುವ ವಿಷಯ. ಮಳೆ ಹಿಡಿದ ಮೇಲೆ ಬನ್ನಿ, ಜೂನ್ ಕೊನೆಯವರೆಗೆ ಹಳೇ ಮನೆ ನಮ್ಮ ಕೈಯಲ್ಲೇ ಇರುತ್ತದೆ ಎಂದು ನಾನು ಹೇಳಿದ್ದೆ. ಮಳೆಗಾಲದಲ್ಲಿ ಗಾಡಿ ಕಳಿಸುವುದಿಲ್ಲ ಎಂದವರು ನೀವು. ಬಂದದ್ದು ಏಪ್ರಿಲ್ ಬಿಸಿಲಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ. ಕಾರವಾರದ ನಮ್ಮ ಹಿತ್ತಲಿನದು ಸಮುದ್ರದ ಕಡೆಯ ಮರಳು ಮಣ್ಣು. ಹಿಂದಿನ ದಿನ ಚೆನ್ನಾಗಿ ನೀರು ಕುಡಿಸದೆ ಅಗೆದರೆ ಆ ಮಣ್ಣು ಬೇರಿಗೆ ಅಂಟಿಕೊಳ್ಳುವುದೇ ಇಲ್ಲ. ಹಾಗೇ ಆಯಿತು. ಮಣ್ಣಿನ ಹೆಂಟೆಯೆಲ್ಲ ಉದುರಿ, ಬರಿಬೇರಿನ ಗಿಡಗಳು ಗಾಡಿ ಹತ್ತಿದವು. ನೀರು ಹೀರುವುದು ಕೂದಲಿನಂತಹ ಸಣ್ಣ ಬೇರುಗಳು. ಅವು ಅಲ್ಲೇ ಹರಿದುಹೋದವು. ನಿಮ್ಮ ಡ್ರೈವರ್ ಒಳ್ಳೆಯವರು. ನಾನು ಕೇಳಿಕೊಂಡಿದ್ದಕ್ಕೆ ದೇವಿಮನೆ ಘಟ್ಟ ಹತ್ತುವ ಮೊದಲು ಗಾಡಿ ನಿಲ್ಲಿಸಿ, ಗೋಣಿಚೀಲ ಒದ್ದೆ ಮಾಡಿ ಬೇರಿಗೆ ಸುತ್ತಿದರು. ಅವರ ಮೇಲೆ ನನ್ನ ದೂರಿಲ್ಲ.

ಶಿರಸಿಯಲ್ಲಿ ನಮ್ಮ ಅಂಗಳದ್ದು ಕೆಂಪು ಜಿಗುಟು ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲು. ನಿಮ್ಮವರು ಹಾರೆಯಿಂದ ನೇರವಾದ ಗುಂಡಿ ತೋಡಿ, ಒಳಗೆ ಸಡಿಲ ಗೊಬ್ಬರ ತುಂಬಿ, ಅದರ ಮೇಲೆ ಒಂದೊಂದು ಹಿಡಿ ಡಿಎಪಿ ರಾಸಾಯನಿಕ ಗೊಬ್ಬರ ಹಾಕಿದರು. ಮೊದಲಿಗಿಂತ ಒಂದು ಗೇಣು ಆಳಕ್ಕೆ, ಕಾಂಡ ಮುಚ್ಚುವ ಹಾಗೆ ನೆಟ್ಟರು. ಒಂದು ಕೊಂಬೆಯನ್ನೂ ಕತ್ತರಿಸಲಿಲ್ಲ. ದಾಸವಾಳದಲ್ಲಿ ಮೊಗ್ಗು ತುಂಬಿತ್ತು. "ಹೂವು ಬರ್ತಾ ಇದೆ ಅಕ್ಕಾ, ಬಿಡಿ" ಎಂದರು. ಬೇರು ಅರ್ಧ ಹೋಗಿರುವಾಗ ಅಷ್ಟೂ ಎಲೆಗೆ, ಅಷ್ಟೂ ಮೊಗ್ಗಿಗೆ ಗಿಡ ನೀರು ಎಲ್ಲಿಂದ ತಂದೀತು?

ಮೂರನೇ ದಿನ ಎಲೆ ಜೋತುಬಿದ್ದವು. ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನೀರು ಸಾಕಾಗುತ್ತಿಲ್ಲ, ದಿನಕ್ಕೆ ಎರಡು ಹೊತ್ತು ಹಾಕಿ ಎಂದರು. ನಿಮ್ಮ ಕಾರ್ಡಿನಲ್ಲೂ ಅದೇ ಇದೆ. ನಂಬಿ ಹಾಗೇ ಮಾಡಿದೆ. ಹಾಕಿದಷ್ಟೂ ಬಾಡಿದವು.

ಏಪ್ರಿಲ್ 24ರಂದು ಪಕ್ಕದ ಮನೆಯ ಅಜ್ಜಿ ಬಂದು ಬುಡದಲ್ಲಿ ಬೆರಳು ಚುಚ್ಚಿ ನೋಡಿದರು. ಬೆರಳಿಗೆ ಕೆಸರು ಮೆತ್ತಿ ಬಂತು. "ತಂಗಿ, ಇದಕ್ಕೆ ಬಾಯಾರಿಕೆ ಅಲ್ಲ, ಉಸಿರು ಕಟ್ಟಿದೆ" ಎಂದರು. ಒಂದು ಅಬ್ಬಲಿಗೆ (ಕನಕಾಂಬರ) ಗಿಡ ಎತ್ತಿ ನೋಡಿದರೆ ಬೇರು ಕಪ್ಪಾಗಿ ನಾರುತ್ತಿತ್ತು. ಜಿಗುಟು ಮಣ್ಣಿನ ಗುಂಡಿ ಬಾವಿಯ ಹಾಗೆ ನೀರು ಹಿಡಿದಿಟ್ಟಿತ್ತು. ಮೇಲಿಂದ ಡಿಎಪಿ ಬೇರೆ. ಗೊಬ್ಬರದ ಉಪ್ಪು ಗಾಯವಾದ ಬೇರನ್ನು ಸುಡುತ್ತದೆ, ಬೇರಿಗೆ ನೀರು ಹೀರಲು ಬಿಡುವುದಿಲ್ಲ. ನೀರು ಇಲ್ಲದೆ ಬಾಡಿದ ಗಿಡವೂ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ನೋಡಲು ಒಂದೇ ಥರ ಕಾಣುತ್ತವೆ. ಬೆರಳು ಹಾಕಿ ನೋಡದೆ ಗೊತ್ತಾಗುವುದಿಲ್ಲ. ನಿಮ್ಮ ಕಚೇರಿಯವರು ನನ್ನನ್ನು ಕೇಳಬೇಕಾಗಿದ್ದ ಮೊದಲ ಪ್ರಶ್ನೆ ಅದೇ ಅಲ್ವಾ?

ಅವತ್ತು ಸಂಜೆ ಬಿಸಿಲಿಳಿದ ಮೇಲೆ ನಾನು ಮತ್ತು ಅಜ್ಜಿ ಒಂದೊಂದೇ ಗಿಡ ಎತ್ತಿದೆವು. ಕೊಳೆತ ಬೇರು ಕತ್ತರಿಸಿದೆವು. ಡಿಎಪಿ ಬಿದ್ದ ಮಣ್ಣು ತೆಗೆದು ಹೊರಗೆ ಹಾಕಿದೆವು. ಸ್ವಲ್ಪ ಮರಳು ಸೇರಿಸಿ ಏರುಮಡಿ ಮಾಡಿ, ಕಾಂಡದ ಮೇಲೆ ಹಳೇ ಮಣ್ಣಿನ ಗುರುತು ಇದ್ದ ಮಟ್ಟಕ್ಕೇ ಮತ್ತೆ ನೆಟ್ಟೆವು. ಮೊಗ್ಗೆಲ್ಲ ಚಿವುಟಿದೆವು. ಕೊಂಬೆಗಳನ್ನು ಮೂರನೇ ಒಂದು ಭಾಗ ಸವರಿದೆವು. ಅಡಿಕೆ ಸೋಗೆಯ ಚಪ್ಪರ ಹಾಕಿ, ಬುಡದ ಸುತ್ತ ದರಕು (ಒಣಗಿದ ಎಲೆ) ಹರಡಿದೆವು, ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಬಿಟ್ಟು. ಆಮೇಲೆ ಮೇಲಿನ ಮಣ್ಣು ಒಣಗಿದರೆ ಮಾತ್ರ ನೀರು, ಹಾಕಿದಾಗ ಆಳಕ್ಕೆ ಇಳಿಯುವಷ್ಟು. ಗೊಬ್ಬರ ಒಂದು ಚಮಚವೂ ಇಲ್ಲ.

ಮೇ 4ರಂದು ನಿಮ್ಮವರೊಬ್ಬರು ನೋಡಲು ಬಂದರು. ಎಲೆ ಉದುರಿದ 11 ಗಿಡ ತೋರಿಸಿ, ಇವು ಸತ್ತಿವೆ, ಕಿತ್ತು ಬಿಸಾಡಿ, ಹೊಸದು ಅರ್ಧ ರೇಟಿಗೆ ಕೊಡುತ್ತೇವೆ ಎಂದರು. ನಾನು ಅವರ ಎದುರೇ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೆರೆದೆ. ನಾಲ್ಕರಲ್ಲಿ ಒಳಗೆ ಹಸಿರಿತ್ತು. ಅವರು ನೋಡಲೂ ಇಲ್ಲ. ಈ ವರ್ಷ ಮಳೆ ಮೇ ಕೊನೆಯ ವಾರದಲ್ಲೇ ಬಂತು. ಜೂನ್ ಮೊದಲ ವಾರ ಆ ನಾಲ್ಕೂ ಗಿಡ ಗೆಣ್ಣಿನಲ್ಲಿ ಚಿಗುರಿದವು: ಎರಡು ದಾಸವಾಳ, ಒಂದು ಗುಲಾಬಿ, ಒಂದು ಮಲ್ಲಿಗೆ.

ಆ ಮಲ್ಲಿಗೆ ಭಟ್ಕಳದ್ದು. ನನ್ನ ಅಮ್ಮ ತವರಿನಿಂದ ಟೊಂಗೆ ತಂದು ಊರಿದ್ದು. ಅಮ್ಮ ಈಗ ಇಲ್ಲ. ಅವತ್ತು ನಿಮ್ಮವರ ಮಾತು ಕೇಳಿ ಕಿತ್ತಿದ್ದರೆ ಅದೂ ಇರುತ್ತಿರಲಿಲ್ಲ. ಹಾಗಾಗಿ ಬದಲಿ ಗಿಡ ಕಳಿಸುತ್ತೇವೆ ಎಂದು ದಯವಿಟ್ಟು ಮತ್ತೆ ಹೇಳಬೇಡಿ. ಹೋದ ಏಳರಲ್ಲಿ ನಾಲ್ಕು ಅಬ್ಬಲಿಗೆ, ಎರಡು ಗುಲಾಬಿ, ಇನ್ನೊಂದು ಮಲ್ಲಿಗೆ. ಅಬ್ಬಲಿಗೆಗೆ ಬೇರು ಅಲ್ಲಾಡಿದರೆ ಆಗುವುದಿಲ್ಲ. ಅದನ್ನು ಕೀಳುವ ಬದಲು ಟೊಂಗೆ ತಂದು ಊರಿ ಎಂದು ನೀವೇ ಹೇಳಬಹುದಿತ್ತು.

ನಾನು ಕೇಳುವುದು ಇಷ್ಟು. ನಿಮ್ಮ ಬಿಲ್ಲಿನಲ್ಲಿ ಸಾಗಾಟಕ್ಕೆ 6,000 ಎಂದಿದೆ, ಅದು ನಿಮಗೇ ಇರಲಿ. ಕೀಳುವ ಮತ್ತು ನೆಡುವ ಕೆಲಸದ 8,500 ರೂಪಾಯಿ ವಾಪಸ್ ಕೊಡಿ. ಆ ಕಾರ್ಡನ್ನು ಹಂಚುವುದು ನಿಲ್ಲಿಸಿ. ನೆಟ್ಟ ದಿನವೇ ಡಿಎಪಿ ಹಾಕುವ ಪದ್ಧತಿಯನ್ನೂ ಬಿಡಿ. ಹೊಸ ಚಿಗುರು ಕಂಡ ಮೇಲೆ ಸ್ವಲ್ಪ ಹಳೇ ಸಗಣಿ ಗೊಬ್ಬರ ಸಾಕು. ನೀರು ಸರಿಯಾಗಿ ಹಾಕಿಲ್ಲ ಎಂದು ನನ್ನ ಮೇಲೆ ಹೊರಿಸಿದ ಮಾತನ್ನು ಲಿಖಿತವಾಗಿ ಹಿಂದಕ್ಕೆ ತೆಗೆದುಕೊಳ್ಳಿ.

15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ನಿಮ್ಮ ಕಾರ್ಡು, ಕೊಳೆತ ಬೇರಿನ ಫೋಟೋ, ಜೂನ್ ತಿಂಗಳ ಚಿಗುರಿನ ಫೋಟೋ ಇದರ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕಿ