ಸುಮಾ, ಶಾಲೆ ನೋಡಲು ಹೋದಾಗ ಅಡುಗೆಮನೆಗೂ ಹೋಗು

ತಿಪಟೂರು

ಪ್ರೀತಿಯ ಸುಮಾ,

ದೊಡ್ಡಮ್ಮನ ಆಶೀರ್ವಾದಗಳು. ಮಗನನ್ನು ಸೇರಿಸಬೇಕು ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಆ ಹುಡುಗರ ಹಾಸ್ಟೆಲ್ ಶಾಲೆಯ ಬ್ರೋಷರ್ ಪೂರ್ತಿ ಓದಿದೆ. ಫೋಟೋಗಳು ಚೆನ್ನಾಗಿವೆ. ಈಜುಕೊಳ ಇದೆ, ಕುದುರೆಗಳೂ ಇವೆ. ಚಾರಿತ್ರ್ಯ, ಮೌಲ್ಯ, ನಾಯಕತ್ವ ಅನ್ನುವ ಮಾತುಗಳು ಪುಟಕ್ಕೆ ಎರಡು ಸಲ ಬರುತ್ತವೆ. ಆದರೆ ಒಬ್ಬ ಹುಡುಗ ತಪ್ಪು ಮಾಡಿದರೆ ಅವರು ಏನು ಮಾಡುತ್ತಾರೆ ಅನ್ನುವುದು ಒಂದು ಪುಟದಲ್ಲೂ ಇಲ್ಲ. ನನಗೆ ಮುಖ್ಯವಾಗಿ ಬೇಕಾಗಿದ್ದದ್ದು ಅದೇ.

ಫೋನಿನಲ್ಲೇ ಹೇಳಬಹುದಿತ್ತು. ಫೋನಾದರೆ ನೀನು ಅಳುತ್ತೀಯ, ನಾನು ಸಮಾಧಾನ ಮಾಡುತ್ತೇನೆ, ವಿಷಯ ಇದ್ದಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು.

ಮೊದಲು ತೇಜು ವಿಷಯ. ಮೊಬೈಲ್ ಬಿಡುವುದಿಲ್ಲ, ಎದುರು ಮಾತಾಡುತ್ತಾನೆ, ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟ, ಅದಕ್ಕೇ ಹಾಸ್ಟೆಲ್ ಅಂತ ಬರೆದಿದ್ದೀಯ. ಹನ್ನೆರಡು ತುಂಬಿದ ಹುಡುಗ ಇಷ್ಟೂ ಮಾಡದಿದ್ದರೆ ನನಗೆ ಅನುಮಾನ ಬರುತ್ತಿತ್ತು. ಈ ವಯಸ್ಸಿನ ಹುಡುಗರಿಗೆ ಗಣಿತ ಹೇಳಿಕೊಟ್ಟೇ ನನ್ನ ತಲೆಕೂದಲು ಬೆಳ್ಳಗಾದದ್ದು. ಅವನು ಕೆಟ್ಟಿಲ್ಲ, ಬೆಳೆಯುತ್ತಿದ್ದಾನೆ. "ಹೀಗೇ ಮಾಡಿದರೆ ಹಾಸ್ಟೆಲ್ಲಿಗೆ ಹಾಕಿಬಿಡ್ತೀನಿ" ಅಂತ ನೀವಿಬ್ಬರೂ ಹೆದರಿಸುತ್ತಿದ್ದೀರಂತೆ. ಅದನ್ನು ಇವತ್ತಿಗೇ ನಿಲ್ಲಿಸಿ. ಶಿಕ್ಷೆಗೆ ಬಂದವನ ಹಾಗೆ ಶಾಲೆಯ ಗೇಟು ದಾಟಿದ ಹುಡುಗನಿಗೆ ಅಲ್ಲಿ ಎಷ್ಟು ಒಳ್ಳೆಯ ಮೇಷ್ಟ್ರಿದ್ದರೂ ಜೈಲರ್ ಹಾಗೇ ಕಾಣುತ್ತಾರೆ. ಅಂಥ ಹುಡುಗರನ್ನು ನೋಡಿದ್ದೇನೆ. ಮೊದಲ ವರ್ಷ ಪೂರ್ತಿ ಅವರಿಗೆ ಮನೆಯವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಮೊಬೈಲ್ ಚಟ ಬಿಡಿಸುವುದಷ್ಟೇ ಉದ್ದೇಶವಾದರೆ ಲಕ್ಷಗಟ್ಟಲೆ ಫೀಸು ಯಾಕೆ? ರಾತ್ರಿ ಒಂಬತ್ತಕ್ಕೆ ಮನೆಯ ಎಲ್ಲ ಮೊಬೈಲೂ, ಅಳಿಯಂದಿರದ್ದೂ ಸೇರಿ, ಬೀರುವಿಗೆ ಹೋಗಲಿ. ಆಮೇಲೆ ನೋಡೋಣ.

ಇಷ್ಟಾದ ಮೇಲೂ ಕಳಿಸಬೇಕು ಅನ್ನಿಸಿದರೆ ಕಳಿಸು, ನಾನು ಬೇಡ ಅನ್ನುವುದಿಲ್ಲ. ಒಳ್ಳೆಯ ಹುಡುಗರ ಶಾಲೆ ಒಬ್ಬನನ್ನು ನಿಜವಾಗಿ ಎತ್ತಿ ನಿಲ್ಲಿಸಬಲ್ಲದು. ಆದರೆ ಏನು ನೋಡಿ ಸೇರಿಸಬೇಕು ಅನ್ನುವುದರಲ್ಲಿ ನನಗೂ ಆ ಬ್ರೋಷರಿಗೂ ಸ್ವಲ್ಪ ಜಗಳವಿದೆ.

ನಡತೆ ಕಲಿಸುವ ಹುಡುಗರ ಶಾಲೆ ಅನ್ನುವುದು ಹೊಸದೇನಲ್ಲ. ಇಂಗ್ಲೆಂಡಿನ ರಗ್ಬಿ ಶಾಲೆಗೆ 1828ರಲ್ಲಿ ಥಾಮಸ್ ಆರ್ನಾಲ್ಡ್ ಹೆಡ್‌ಮಾಸ್ಟರ್ ಆಗಿ ಬಂದರು. 1842ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಮೊದಲು ನಡತೆ, ಆಮೇಲೆ ಪಾಠ ಅನ್ನುವುದು ಅವರ ಹಟ. ಮೇಲಿನ ತರಗತಿಯ ಹುಡುಗರ ಕೈಗೆ ಅಧಿಕಾರ ಕೊಟ್ಟು, ಚಿಕ್ಕವರನ್ನು ನೋಡಿಕೊಳ್ಳುವ ಜವಾಬ್ದಾರಿ ಹೊರಿಸಿದರು. ಅವರ ಕೈಕೆಳಗೆ ಮೇಷ್ಟ್ರಾಗಿದ್ದ ಜಾರ್ಜ್ ಕಾಟನ್ ಮುಂದೆ ಕಲ್ಕತ್ತೆಗೆ ಬಿಷಪ್ ಆಗಿ ಬಂದರು. ನಿಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಇದೆಯಲ್ಲ, 1865ರದ್ದು, ಅದು ಇವರದೇ ಹೆಸರು. ತೇಜು ಈಗ ಓದುವ ಶಾಲೆಯಲ್ಲಿ ರೆಡ್ ಹೌಸ್, ಬ್ಲೂ ಹೌಸ್, ಸ್ಕೂಲ್ ಲೀಡರ್ ಅಂತೆಲ್ಲ ಇದ್ದರೆ ಅದೂ ಇಂಥ ಶಾಲೆಗಳಿಂದ ಬಂದದ್ದೇ. ಟಿ.ವಿ.ಯಲ್ಲಿ ಬರುವ ರಗ್ಬಿ ಆಟದ ಹೆಸರೂ ಆ ಶಾಲೆಯದೇ ಅಂತ ಅವನಿಗೆ ಹೇಳು, ಖುಷಿಯಾಗುತ್ತಾನೆ.

ಈ ಪದ್ಧತಿಯ ಗಟ್ಟಿತನ ಎಲ್ಲಿದೆಯೋ ಅಪಾಯವೂ ಅಲ್ಲೇ ಇದೆ. ಹದಿನೇಳರ ಹುಡುಗನ ಕೈಗೆ ಹನ್ನೆರಡರವನನ್ನು ಒಪ್ಪಿಸುತ್ತೀರಿ. ದೊಡ್ಡವನು ಒಳ್ಳೆಯವನಾದರೆ ಇವನಿಗೆ ಅಣ್ಣ ಸಿಕ್ಕ ಹಾಗೆ. ಇಲ್ಲವಾದರೆ ಇವನು ಅವನ ಸಾಕ್ಸ್ ಒಗೆಯಬೇಕು, ಅವನಿಗೆ ಬಕೆಟ್ ತುಂಬಿಸಿಡಬೇಕು, ಮನೆಯಿಂದ ಬಂದ ಚಕ್ಕುಲಿ ಡಬ್ಬಿ ಒಪ್ಪಿಸಬೇಕು. ಇಂಗ್ಲೆಂಡಿನ ಆ ಹೆಸರಾಂತ ಶಾಲೆಗಳಲ್ಲಿ ಚಿಕ್ಕವರು ದೊಡ್ಡವರ ಚಾಕರಿ ಮಾಡುವುದು ರೂಢಿಯೇ ಆಗಿತ್ತು. ಅದನ್ನೂ ನಡತೆ ಕಲಿಸುವುದು ಅಂತಲೇ ಕರೆಯುತ್ತಿದ್ದರು!

ಅದಕ್ಕೇ ಪ್ರಿನ್ಸಿಪಾಲರನ್ನು ಕೇಳು: ರಾತ್ರಿ ಹತ್ತರ ಮೇಲೆ ಈ ಕಟ್ಟಡದಲ್ಲಿ ಯಾರ ಮಾತು ನಡೆಯುತ್ತದೆ? ಎಷ್ಟು ಹುಡುಗರಿಗೆ ಒಬ್ಬ ವಾರ್ಡನ್? ಅವರು ಅದೇ ಮಹಡಿಯಲ್ಲಿ ಮಲಗುತ್ತಾರಾ, ಬೇರೆ ಕ್ವಾರ್ಟರ್ಸಿಗೆ ಹೋಗುತ್ತಾರಾ? ಎಷ್ಟು ವರ್ಷದಿಂದ ಇದ್ದಾರೆ? ಹಗಲು ಪಾಠ ಮಾಡುವ ಮೇಷ್ಟ್ರನ್ನು ಎಲ್ಲರೂ ವಿಚಾರಿಸುತ್ತಾರೆ, ವಾರ್ಡನ್ ವಿಷಯ ಯಾರೂ ಕೇಳುವುದಿಲ್ಲ. ಹಗಲು ತರಗತಿಯಲ್ಲಿ ತಲೆತಗ್ಗಿಸಿ ಕೂತ ಹುಡುಗ ರಾತ್ರಿ ಏನಾಗಿರುತ್ತಾನೆ ಅನ್ನುವುದು ಗೊತ್ತಿರುವುದು ವಾರ್ಡನ್‌ಗೆ ಮಾತ್ರ. ವರ್ಷಕ್ಕೊಬ್ಬ ವಾರ್ಡನ್ ಬದಲಾಗುವ ಜಾಗದಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ. ಬರೆಯಲು ಹಿಂಜರಿಕೆ, ಆದರೂ ಬರೆಯುತ್ತೇನೆ. ಗಂಡುಮಗು ಅಲ್ವಾ, ಭಯವಿಲ್ಲ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದೇಶದ ಹಲವು ರಾಜ್ಯಗಳಲ್ಲಿ ಮಕ್ಕಳನ್ನು ಮಾತಾಡಿಸಿ ವರದಿ ತಂದಿತು. ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಅಂದ ಮಕ್ಕಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹುಡುಗರೇ ಇದ್ದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಹುಡುಗರಿಗೂ ಅನ್ವಯಿಸುತ್ತದೆ. ಇಂಥದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಅವರಿಗೂ ಒಂದು ವರ್ಷದ ತನಕ ಜೈಲಾಗಬಹುದು. ಈ ಪ್ರಶ್ನೆ ಕೇಳಿದಾಗ ಪ್ರಿನ್ಸಿಪಾಲರ ಮುಖ ನೋಡು. "ನಮ್ಮಲ್ಲಿ ಅಂಥದ್ದೆಲ್ಲ ಆಗೋದೇ ಇಲ್ಲ ಮೇಡಂ" ಅಂದರೆ ಎದ್ದು ಬಾ. "ಹುಡುಗ ಯಾರಿಗೆ ಹೇಳಬೇಕು, ಆಮೇಲೆ ನಾವೇನು ಮಾಡುತ್ತೇವೆ" ಅಂತ ವಿವರಿಸಿದರೆ ಕೂತು ಕೇಳು. ಮಕ್ಕಳ ಸಹಾಯವಾಣಿಯ 1098 ನಂಬರನ್ನು ತೇಜುವಿಗೆ ಬಾಯಿಪಾಠ ಮಾಡಿಸು. ಎಲ್ಲಿಗೆ ಕಳಿಸಿದರೂ, ಕಳಿಸದಿದ್ದರೂ.

ಏಟಿನ ವಿಷಯವೂ ಅಷ್ಟೇ. "ಸ್ವಲ್ಪ ಸ್ಟ್ರಿಕ್ಟ್ ಇರಬೇಕು" ಅಂತ ಅಳಿಯಂದಿರು ಹೇಳಿದ್ದು ಕೇಳಿದೆ. ಸ್ಟ್ರಿಕ್ಟ್ ಇರಲಿ. ಆದರೆ ಹೊಡೆಯುವುದನ್ನೂ ಹೀಯಾಳಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನೇ ನಿಷೇಧಿಸಿದೆ. ಕಾಯ್ದೆ ಪಕ್ಕಕ್ಕಿರಲಿ. ಏಟಿಗೆ ಹೆದರಿ ಸುಳ್ಳು ಹೇಳದ ಹುಡುಗ ಏಟು ಇಲ್ಲದ ಕಡೆ ಸುಳ್ಳು ಹೇಳುತ್ತಾನೆ.

ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಬಿ.ಎಡ್. ಓದುವಾಗ ಓದಿದ್ದು ಇನ್ನೂ ನೆನಪಿದೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಹಾರ್ಟ್ಸ್‌ಹಾರ್ನ್ ಮತ್ತು ಮೇ ಅನ್ನುವ ಇಬ್ಬರು 10,000ಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಮಕ್ಕಳಿಗೆ ತಮ್ಮ ಉತ್ತರ ತಾವೇ ತಿದ್ದಿಕೊಳ್ಳಲು ಬಿಟ್ಟರು. ಆಟದ ಅಂಕ ತಾವೇ ಬರೆದುಕೊಳ್ಳಲು ಬಿಟ್ಟರು. ಯಾರು ಎಲ್ಲಿ ಮೋಸ ಮಾಡುತ್ತಾರೆ ಅಂತ ಗುಟ್ಟಾಗಿ ಗಮನಿಸಿದರು. ಒಂದು ಕಡೆ ಪ್ರಾಮಾಣಿಕನಾಗಿದ್ದ ಹುಡುಗನೇ ಇನ್ನೊಂದು ಕಡೆ ಮೋಸ ಮಾಡಿದ. ನೀತಿ ಬಾಯಲ್ಲಿ ಚೆನ್ನಾಗಿ ಹೇಳುವವರು ನಡತೆಯಲ್ಲೂ ಹಾಗೇ ಇರುತ್ತಾರೆ ಅನ್ನುವಂತಿರಲಿಲ್ಲ. ಕೆಲವು ತರಗತಿಗಳಲ್ಲಿ ಮಾತ್ರ ಇಡೀ ತರಗತಿಗೆ ತರಗತಿಯೇ ಮೋಸ ಮಾಡುವುದು ಕಡಿಮೆ. ಅಲ್ಲಿನ ವಾತಾವರಣ ಹಾಗಿತ್ತು. ಆ ಬ್ರೋಷರಿನಲ್ಲಿ "ವಾರಕ್ಕೆರಡು ಮೌಲ್ಯ ಶಿಕ್ಷಣದ ಪೀರಿಯಡ್" ಅಂತ ಇದೆಯಲ್ಲ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿದ ಪೀರಿಯಡ್‌ಗಳಲ್ಲಿ ಏನಾಗುತ್ತದೆ ಅನ್ನುವುದೇ ನನಗೆ ಮುಖ್ಯ. ಕಾಪಿ ಹೊಡೆದು ಸಿಕ್ಕಿಬಿದ್ದವನಿಗೆ ಟಿ.ಸಿ. ಕೊಟ್ಟು ಕಳಿಸುತ್ತಾರಾ, ಅಸೆಂಬ್ಲಿಯಲ್ಲಿ ನಿಲ್ಲಿಸಿ ಮಾನ ಕಳೆಯುತ್ತಾರಾ, ಅಥವಾ ಯಾರಾದರೂ ಕೂರಿಸಿಕೊಂಡು ಮಾತಾಡಿ, ಮತ್ತೆ ಪರೀಕ್ಷೆ ಬರೆಸುತ್ತಾರಾ? ಹೋದ ವರ್ಷ ನಡೆದ ಒಂದು ಘಟನೆ ಹೇಳಿ, ಹೆಸರು ಬೇಡ, ಅಂತ ಕೇಳು. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ.

ಇನ್ನು ಅಡುಗೆಮನೆ. ನಿಮ್ಮ ತಾತ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ದಿನಕ್ಕೊಂದು ಮನೆಯಲ್ಲಿ ಊಟ. ಮೇಷ್ಟ್ರುಗಳ ಹೆಸರು ಅವರಿಗೆ ಅಷ್ಟಾಗಿ ನೆನಪಿರಲಿಲ್ಲ. ಯಾವ ಮನೆಯಲ್ಲಿ ಪ್ರೀತಿಯಿಂದ ಬಡಿಸುತ್ತಿದ್ದರು, ಯಾವ ಮನೆಯಲ್ಲಿ ಎಲೆಗೆ ಎಸೆದ ಹಾಗೆ ಹಾಕುತ್ತಿದ್ದರು ಅನ್ನುವುದು ಕೊನೆಯ ತನಕ ನೆನಪಿತ್ತು. ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಇಂಥದ್ದು. ನೀನು ಹೋದಾಗ ಊಟದ ಹೊತ್ತಿಗೆ ಹೋಗು. ಹುಡುಗರು ತಟ್ಟೆ ತಾವೇ ತೊಳೆಯುತ್ತಾರಾ? ಬಡಿಸುವವರನ್ನು "ಅಣ್ಣಾ" ಅನ್ನುತ್ತಾರಾ, "ಏಯ್" ಅನ್ನುತ್ತಾರಾ? ಮೇಷ್ಟ್ರು ಹುಡುಗರ ಜೊತೆ ಅದೇ ಸಾರು ಉಣ್ಣುತ್ತಾರಾ, ಬೇರೆ ಕೋಣೆಯಲ್ಲಿ ಬೇರೆ ಊಟವಾ? ಕಕ್ಕಸು ಗುಡಿಸುವ ಹೆಂಗಸಿನ ಹೆಸರು ಒಬ್ಬ ಹುಡುಗನಿಗಾದರೂ ಗೊತ್ತಾ? ಕುದುರೆ ಲಾಯ ಆಮೇಲೆ ನೋಡಿದರಾಯಿತು.

ನಮ್ಮ ಕಡೆಯ ಶಾಲೆಗಳನ್ನೂ ಒಂದು ಸಲ ನೋಡು. ಮೈಸೂರು ಯಾದವಗಿರಿಯ ಶ್ರೀ ರಾಮಕೃಷ್ಣ ವಿದ್ಯಾಶಾಲೆ 1953ರಿಂದ ಇದೆ. ಎಂಟನೇ ತರಗತಿಯಿಂದ ಪಿಯುಸಿ ತನಕ, ಹುಡುಗರಿಗೆ ಮಾತ್ರ, ಅಲ್ಲೇ ಉಳಿದು ಓದಬೇಕು. ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಸ್ಪರ್ಧೆ ಜಾಸ್ತಿ. ಸನ್ಯಾಸಿಗಳು ನಡೆಸುವ ಶಾಲೆಯಾದ್ದರಿಂದ ಪ್ರಾರ್ಥನೆ, ಭಜನೆ ದಿನಚರಿಯಲ್ಲೇ ಸೇರಿವೆ. ತೇಜುವಿಗೆ ಅದು ಒಗ್ಗುತ್ತದಾ ಅಂತ ಅವನನ್ನೇ ಕೇಳು, ನಿನಗೆ ಒಗ್ಗಿದರೆ ಸಾಲದು. ತುಮಕೂರಿನ ಸಿದ್ಧಗಂಗಾ ಮಠಕ್ಕಂತೂ ಸೇರಿಸಲಿಕ್ಕೆ ಅಲ್ಲ, ನೋಡಲಿಕ್ಕೆ ಕರೆದುಕೊಂಡು ಹೋಗು. ಅದು ಇಲ್ಲದವರ ಮಕ್ಕಳಿಗೆ ಇರುವ ಜಾಗ, ನಿಮ್ಮಂಥವರು ಅಲ್ಲಿ ಒಂದು ಸೀಟು ಹಿಡಿಯಬಾರದು. ಸಾವಿರಾರು ಹುಡುಗರಿಗೆ ಅನ್ನ, ಅಕ್ಷರ, ಆಶ್ರಯ ಎಲ್ಲ ಉಚಿತ, ಜಾತಿ ಕೇಳುವುದಿಲ್ಲ. 2019ರಲ್ಲಿ 111ನೇ ವಯಸ್ಸಿನಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿ ನೂರು ದಾಟಿದ ಮೇಲೂ ಆ ಮಕ್ಕಳ ನಡುವೆ ಓಡಾಡಿಕೊಂಡಿದ್ದರು. ಅದಕ್ಕಿಂತ ಬೇರೆ ಮೌಲ್ಯ ಶಿಕ್ಷಣದ ಪೀರಿಯಡ್ ಬೇಕಾ? ಬೋರ್ಡಿಂಗ್ ಬೇಡ ಅನ್ನಿಸಿದರೆ ಬೆಂಗಳೂರಿನಲ್ಲೇ ಮನೆಯಿಂದ ಹೋಗಿಬರುವ ಹಳೆಯ ಹುಡುಗರ ಶಾಲೆಗಳಿವೆ. ಕಾಟನ್ ಹೇಳಿದೆನಲ್ಲ, ಸೇಂಟ್ ಜೋಸೆಫ್ಸ್ ಅದಕ್ಕಿಂತ ಹಳೆಯದು, 1858ರದ್ದು. ಸೀಟು ಸಿಗುವುದು ಕಷ್ಟವೇ. ಆದರೂ ಸಂಜೆ ಮಗ ಮನೆಗೆ ಬರುತ್ತಾನೆ ಅನ್ನುವುದು ಸಣ್ಣ ಮಾತಲ್ಲ.

ಹುಡುಗರೇ ಇದ್ದರೆ ಗಮನ ಬೇರೆ ಕಡೆ ಹೋಗುವುದಿಲ್ಲ, ಚೆನ್ನಾಗಿ ಓದುತ್ತಾರೆ ಅಂತ ಬರೆದಿದ್ದೀಯ. 2014ರಲ್ಲಿ 21 ದೇಶಗಳ 184 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದವರಿಗೆ ಅಂಥ ದೊಡ್ಡ ಲಾಭವೇನೂ ಕಾಣಲಿಲ್ಲ. ನಷ್ಟವೂ ದೊಡ್ಡದಲ್ಲ. ಹಾಗಾಗಿ ಈ ಕಾರಣಕ್ಕೇ ಸೇರಿಸುವುದೂ ಬೇಡ, ಈ ಕಾರಣಕ್ಕೇ ಬಿಡುವುದೂ ಬೇಡ. ಆದರೆ ಅಲ್ಲಿ ಮೇಡಂಗಳು ಇದ್ದಾರಾ, ಅವರ ಮಾತಿಗೆ ಬೆಲೆ ಇದೆಯಾ ನೋಡು. "ಹುಡುಗಿ ಥರ ಅಳಬೇಡ" ಅನ್ನುವ ಮಾತು ಮೇಷ್ಟ್ರ ಬಾಯಲ್ಲಿ ಬಂದರೆ ಆ ಶಾಲೆ ನಮ್ಮ ಹುಡುಗನಿಗೆ ಬೇಡ. ಅವನಿಗೊಬ್ಬಳು ತಂಗಿ ಇದ್ದಾಳೆ. ರಜಕ್ಕೆ ಬಂದಾಗ ಅವಳ ಜೊತೆ ಸೇರಿ ಪಾತ್ರೆ ತೊಳೆಯಲಿ, ನೀನು "ಪಾಪ, ಹಾಸ್ಟೆಲ್ಲಿಂದ ಬಂದಿದ್ದಾನೆ" ಅಂತ ಕೂರಿಸಿ ತಿನ್ನಿಸಬೇಡ.

ದುಡ್ಡಿನ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಡೊನೇಷನ್ ಕೇಳಿ ರಸೀದಿ ಕೊಡದ ಶಾಲೆ ಪ್ರಾಮಾಣಿಕತೆ ಕಲಿಸುತ್ತದೆ ಅಂದರೆ ನಗು ಬರುತ್ತದೆ ಅಷ್ಟೇ. ಸಾಲ ಮಾಡಿ ಮಾತ್ರ ಸೇರಿಸಬೇಡಿ. "ನಿನಗೋಸ್ಕರ ಇಷ್ಟು ಸುರಿದಿದ್ದೇವೆ" ಅನ್ನುವ ಮಾತು ಯಾವತ್ತೋ ಒಂದು ದಿನ ನಿಮ್ಮ ಬಾಯಿಂದ ಬಂದೇ ಬರುತ್ತದೆ.

ನೋಡಲು ಹೋಗುವಾಗ ತೇಜುವನ್ನು ಕರೆದುಕೊಂಡೇ ಹೋಗಿ. ಅವನನ್ನು ಅಲ್ಲಿನ ಹುಡುಗರ ಜೊತೆ ಒಂದು ಗಂಟೆ ಬಿಡಿ, ದೊಡ್ಡವರು ಯಾರೂ ಹತ್ತಿರ ಇರಬಾರದು. ಎಂಟನೆಯ ತರಗತಿ ಹುಡುಗರಷ್ಟು ನಿಜ ಹೇಳುವವರು ಆ ಶಾಲೆಯಲ್ಲಿ ಬೇರೆ ಯಾರೂ ಸಿಗುವುದಿಲ್ಲ. ವಾಪಸು ಬರುವ ದಾರಿಯಲ್ಲಿ ಏನೂ ಕೇಳಬೇಡಿ, ಅವನೇ ಹೇಳುತ್ತಾನೆ. ಬೇಡ ಅಂದರೆ ಈ ವರ್ಷಕ್ಕೆ ಬಿಟ್ಟುಬಿಡಿ.

ದಸರಾ ರಜೆಗೆ ಮುಂಚೆ ಹೋಗುವುದಾದರೆ ನನಗೂ ತಿಳಿಸು, ನಾನೂ ಬರುತ್ತೇನೆ. ಮಂಡಿನೋವು ಈಗ ಪರವಾಗಿಲ್ಲ. ನೀವಿಬ್ಬರೂ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತಿರಿ, ಅಡುಗೆಯವರನ್ನು ಮಾತಾಡಿಸುವ ಕೆಲಸ ನನಗೆ ಬಿಡಿ. ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದೇನೆ, ಈ ಕಡೆ ಬರುವವರು ಯಾರಾದರೂ ಇದ್ದರೆ ಹೇಳು, ಕಳಿಸುತ್ತೇನೆ.

ಇಂತಿ ನಿನ್ನ,
ದೊಡ್ಡಮ್ಮ