ಮರಳ ಮೇಲಿದ್ದವರಿಗೆ ಕಾಣದ ವಿಮಾನ

ಚಿರಂಜೀವಿ ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೈಸೂರಿನಲ್ಲಿ ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡ್ ಮುಂದೆ ಹಾಜರಾಗಬೇಕಂತೆ, ನಿಮ್ಮಪ್ಪ ಹೇಳಿದ. ಖುಷಿಯಾಯಿತು. ‘ಡನ್‌ಕರ್ಕ್’ ನೋಡಿ ಪೈಲಟ್ ಆಗುವ ಹಟ ಇನ್ನೂ ಜಾಸ್ತಿಯಾಯಿತು ಎಂದು ಬರೆದಿದ್ದೀಯಲ್ಲ, ನಾನೂ ಆ ಸಿನಿಮಾ ನೋಡಿದೆ. 1940ರಲ್ಲಿ ಫ್ರಾನ್ಸಿನ ಆ ಊರಿನಲ್ಲಿ ಜರ್ಮನ್ನರ ನಡುವೆ ಸಿಕ್ಕಿಬಿದ್ದ ಬ್ರಿಟಿಷ್, ಫ್ರೆಂಚ್ ಸೈನಿಕರನ್ನು ಸಮುದ್ರ ದಾಟಿಸಿ ಇಂಗ್ಲೆಂಡಿಗೆ ಪಾರುಮಾಡಿದ ಕಥೆ ಅದು.

ನಿನಗೆ ಹಿಡಿಸಿದ್ದು ಬ್ರಿಟಿಷರ ಯುದ್ಧವಿಮಾನ ಸ್ಪಿಟ್‌ಫೈರ್ ಗುಂಡು ಹಾರಿಸುವುದು. ನನಗೆ ಹಿಡಿಸಿದ್ದು ಸೀಮೆಸುಣ್ಣ. ಇಂಧನದ ಮೀಟರ್ ಕೆಟ್ಟಾಗ ಆ ಪೈಲಟ್ ಎಷ್ಟು ಉಳಿದಿದೆ ಎಂದು ಎದುರಿಗೇ ಸೀಮೆಸುಣ್ಣದಲ್ಲಿ ಲೆಕ್ಕ ಬರೆದುಕೊಳ್ಳುತ್ತಾನೆ. ವಾಪಸ್ ಹೋಗಲು ಸಾಲದು ಎಂದು ಗೊತ್ತಿದ್ದೇ ಮುಂದೆ ಹೋಗುತ್ತಾನೆ. ಲೆಕ್ಕ ಬಾರದವನ ಧೈರ್ಯ ಬೇರೆ, ಇವನದು ಬೇರೆ.

ಬದುಕಿ ದಡ ಸೇರಿದ ಸೈನಿಕ ಇನ್ನೊಬ್ಬ ಪೈಲಟ್‌ನನ್ನು ‘ನೀನೆಲ್ಲಿದ್ದೆ?’ ಎಂದು ಕೆಣಕುತ್ತಾನಲ್ಲ, ಅದು ಬರೀ ಕಥೆಯಲ್ಲ. 1940ರಲ್ಲಿ ಹಾಗೇ ಬೈದರು. ಬ್ರಿಟಿಷ್ ವಾಯುಪಡೆಯವರು ಎಷ್ಟೋ ಸಲ ಕಡಲತೀರದಿಂದ ದೂರದಲ್ಲಿ, ಮೋಡದ ಮೇಲೆ ಕಾದಾಡುತ್ತಿದ್ದರು. ನೂರಕ್ಕೂ ಹೆಚ್ಚು ವಿಮಾನ ಕಳೆದುಕೊಂಡರು. ಮರಳ ಮೇಲಿದ್ದವರ ಕಣ್ಣಿಗೆ ಬಿದ್ದದ್ದು ಬಾಂಬ್ ಹಾಕುವ ಜರ್ಮನ್ ವಿಮಾನ ಮಾತ್ರ. ನೀನು ಆ ಕೆಲಸಕ್ಕೆ ಹೊರಟಿದ್ದೀಯ. ಶಹಬ್ಬಾಸ್ ಸಿಗದಿದ್ದರೂ ಆದೀತಾ ಎಂದು ಈಗಲೇ ಕೇಳಿಕೊ.

ಸಣ್ಣ ದೋಣಿಗಳ ಕಥೆ ಎಲ್ಲರಿಗೂ ಇಷ್ಟ. ಅವು ಬಂದದ್ದು ನಿಜ. ಆದರೆ ಪಾರಾದ 3,38,226 ಜನರಲ್ಲಿ ಮೂರರಲ್ಲಿ ಎರಡು ಪಾಲು ಹಡಗು ಹತ್ತಿದ್ದು ಬಂದರಿನಿಂದ, ಅದರಲ್ಲೂ ಮುಖ್ಯವಾಗಿ ಅಲ್ಲಿನ ಉದ್ದನೆಯ ಅಲೆತಡೆಯ ಕಟ್ಟೆಯಿಂದ. ಹಡಗು ತಂದು ನಿಲ್ಲಿಸಲು ಮಾಡಿದ್ದಲ್ಲ ಅದು. ಮೇ 27ರಂದು ಪಾರಾದವರು ಬರೀ 7,669. ಅಂದು ರಾತ್ರಿ ಟೆನಂಟ್ ಎಂಬ ನೌಕಾಪಡೆಯ ಅಧಿಕಾರಿ ‘ಒಂದು ಹಡಗು ನಿಲ್ಲಿಸಿ ನೋಡೋಣ’ ಎಂದು ಪ್ರಯತ್ನಿಸಿದ. ಆಮೇಲೆ ಲೆಕ್ಕವೇ ಬದಲಾಯಿತು. ಇತ್ತ ಇಂಗ್ಲೆಂಡಿನ ಡೋವರ್ ಕೋಟೆಯ ಕೆಳಗಿನ ಸುರಂಗದಲ್ಲಿ ಕೂತು ಎಲ್ಲವನ್ನೂ ಹೊಂದಿಸಿದವನು ನೌಕಾಪಡೆಯ ಅಡ್ಮಿರಲ್ ರ‍್ಯಾಮ್ಸೆ.

ನಾನು ಎಎಸ್‌ಸಿಯಲ್ಲಿ ಇದ್ದವನು, ಅಂದರೆ ಸೈನ್ಯದ ಸರಬರಾಜು ಪಡೆಯಲ್ಲಿ ರೇಷನ್ ಸಾಗಿಸಿದವನು. ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಪಡೆಯ ಹಿಂದಿನವರು ಅಲ್ಲಿದ್ದರು. 1939ರ ಡಿಸೆಂಬರ್‌ನಲ್ಲಿ ಸರಕು ಹೊರುವ ಹೇಸರಗತ್ತೆಗಳ ನಾಲ್ಕು ಕಂಪನಿಗಳು ಭಾರತದಿಂದ ಫ್ರಾನ್ಸಿನ ಮಾರ್ಸೇಲ್ಸ್‌ಗೆ ಬಂದಿಳಿದವು. ಹೆಚ್ಚಿನವರು ಪಂಜಾಬಿನವರು. ಒಂದು ಕಂಪನಿ ಜರ್ಮನ್ನರ ಕೈಗೆ ಸಿಕ್ಕಿತು. ಹಡಗು ಹತ್ತಿದವರು ತಾವು ಸಾಕಿದ ಪ್ರಾಣಿಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಸಿನಿಮಾದಲ್ಲಿ ಅವರಿಲ್ಲ. ನನಗೆ ಬೇಜಾರಾಯಿತು, ಆದರೂ ಅದೊಂದಕ್ಕೇ ಸಿನಿಮಾ ಕೆಟ್ಟದು ಅನ್ನಲಾರೆ. ಪಾರಾಗುವ ದಾರಿ ಕಾಯ್ದು ಸೆರೆಯಾದ ಸಾವಿರಾರು ಫ್ರೆಂಚರೂ ಹೆಚ್ಚು ಕಾಣುವುದಿಲ್ಲ.

ಸಂದರ್ಶನದಲ್ಲಿ ಈ ಸಿನಿಮಾ ಮಾತು ಬಂದರೆ ‘ದೊಡ್ಡ ಗೆಲುವು’ ಅನ್ನಬೇಡ. ಸೈನ್ಯ ವಾಪಸ್ ಕರೆತಂದರೆ ಯುದ್ಧ ಗೆದ್ದಂತಲ್ಲ ಎಂದು ಚರ್ಚಿಲ್ ಜೂನ್ 4ರಂದೇ ಸಂಸತ್ತಿನಲ್ಲಿ ಹೇಳಿದ್ದ. ಫಿರಂಗಿ, ಲಾರಿಗಳೆಲ್ಲ ಅಲ್ಲೇ ಉಳಿದಿದ್ದವು. ಸುಮ್ನೆ ಬಾಯಿಪಾಠ ಒಪ್ಪಿಸಬೇಡ, ನಿನಗೆ ಅನ್ನಿಸಿದ್ದನ್ನು ಹೇಳು.

ಗ್ರೂಪ್ ಟಾಸ್ಕ್‌ನಲ್ಲಿ ಹಲಗೆ, ಹಗ್ಗ ಕೊಡುತ್ತಾರೆ. ಎಲ್ಲರಿಗಿಂತ ಮೊದಲು ದಾಟಲು ನುಗ್ಗಬೇಡ. ಹಿಂದೆ ಉಳಿದವನ ಕೈ ಹಿಡಿ. ದಿನಾ ಓಡುವುದನ್ನು ಬಿಡಬೇಡ, ಹೊರಡುವ ಹಿಂದಿನ ರಾತ್ರಿ ಬೇಗ ಮಲಗು. ಊರಿಗೆ ಬಂದಾಗ ನನ್ನ ಹಳೇ ಟ್ರಂಕ್ ತಗೊಂಡು ಹೋಗು.

ಇಂತಿ ನಿನ್ನ ದೊಡ್ಡಪ್ಪ